ಲಕ್ಸೆಂಬರ್ಗ್‌ನ ಹೊಗೆ: ಮಾರಾಟದ ಲೆಕ್ಕವೋ, ಬಳಕೆಯ ಲೆಕ್ಕವೋ?

ಲಕ್ಸೆಂಬರ್ಗ್‌ನ ತಲಾ ಹಸಿರುಮನೆ ಅನಿಲ ಹೊರಸೂಸುವಿಕೆಯನ್ನು (ಇಲ್ಲಿ ‘ಹೊಗೆ’ ಎಂದರೆ ಅದೇ) ಬೇರೆ ದೇಶದೊಂದಿಗೆ ಹೋಲಿಸಲು ಹೊರಟರೆ, ಯಾವ ಲೆಕ್ಕ ಹಿಡಿಯಬೇಕೆಂದು ಮೊದಲೇ ತೀರ್ಮಾನಿಸಿ.

ವಿಶ್ವಸಂಸ್ಥೆಗೆ ಸಲ್ಲುವ ಅಧಿಕೃತ ಲೆಕ್ಕದಲ್ಲಿ ಇಂಧನ ಎಲ್ಲಿ ಮಾರಾಟವಾಯಿತೋ ಹೊಗೆಯೂ ಆ ದೇಶದ ಖಾತೆಗೇ. ಲಕ್ಸೆಂಬರ್ಗ್‌ನಲ್ಲಿ ಇಂಧನದ ಮೇಲೆ ತೆರಿಗೆ ಕಡಿಮೆ. ಹಾಗಾಗಿ ಹಾದುಹೋಗುವ ಲಾರಿಗಳೂ, ನೆರೆದೇಶಗಳಿಂದ ಕೆಲಸಕ್ಕೆ ಬರುವ 2 ಲಕ್ಷಕ್ಕೂ ಹೆಚ್ಚು ಜನರೂ ಇಲ್ಲೇ ಟ್ಯಾಂಕ್ ತುಂಬಿಸುತ್ತಾರೆ. 50 ಲೀಟರ್ ಡೀಸೆಲ್ ಉರಿದರೆ ಸುಮಾರು 130 ಕಿಲೋ ಇಂಗಾಲದ ಡೈಆಕ್ಸೈಡ್. ಅದು ಫ್ರಾನ್ಸಿನ ರಸ್ತೆಯಲ್ಲಿ ಉರಿದರೂ ಹಂಚಿಕೆಯಾಗುವುದು ಲಕ್ಸೆಂಬರ್ಗ್‌ನ ಆರೂವರೆ ಲಕ್ಷಕ್ಕೂ ಹೆಚ್ಚು ನಿವಾಸಿಗಳ ತಲೆಗೆ. ತಲಾ ಅಂಕಿ ಉಬ್ಬುವುದೇ ಹೀಗೆ.

ಆದರೂ 1990ರಿಂದೀಚೆಗಿನ ಏರಿಳಿತ ನೋಡಲು ಈ ಮಾರಾಟದ ಲೆಕ್ಕವೇ ಒಳ್ಳೆಯದು. ಉಕ್ಕಿನ ಕಾರ್ಖಾನೆಗಳು ಕೋಕ್ ಉರಿಸಿ ಅದಿರು ಕರಗಿಸುವ ಊದುಕುಲುಮೆ ಬಿಟ್ಟು ವಿದ್ಯುತ್ ಕುಲುಮೆಗೆ ಬಂದಾಗಿನ ಇಳಿತ (ಕೊನೆಯ ಊದುಕುಲುಮೆ ಆರಿದ್ದು 1997ರಲ್ಲಿ) ಇದರಲ್ಲಿ ಸ್ಪಷ್ಟ. 2021ರಲ್ಲಿ ಟನ್ ಇಂಗಾಲದ ಡೈಆಕ್ಸೈಡ್‌ಗೆ 20 ಯೂರೋದಿಂದ ಶುರುವಾದ ಇಂಗಾಲ ತೆರಿಗೆಯ ಪರಿಣಾಮವನ್ನೂ ಇದರಲ್ಲೇ ಹುಡುಕಬೇಕು. ಆದರೆ ಮಾರಾಟ ಇಳಿದ ಮಾತ್ರಕ್ಕೆ ಹೊಗೆ ಇಳಿದಂತಲ್ಲ. ಲಾರಿ ಗಡಿಯಾಚೆ ಡೀಸೆಲ್ ಹಾಕಿಸಿಕೊಂಡಿರಬಹುದು. ವಿದ್ಯುತ್ತಿನ ಕಥೆಯೂ ಅದೇ: 2002ರಲ್ಲಿ ಶುರುವಾದ ಎಶ್ ಪಟ್ಟಣದ ಟ್ವಿನೆರ್ಗ್ ಅನಿಲ ವಿದ್ಯುತ್ ಸ್ಥಾವರ 2016ರಲ್ಲಿ ಮುಚ್ಚಿತು. ಅದರ ಹೊಗೆ ಲಕ್ಸೆಂಬರ್ಗ್‌ನ ಖಾತೆಯಿಂದ ಹೋಯಿತು, ಆದರೆ ಆಮದು ವಿದ್ಯುತ್ತಿನ ಹೊಗೆ ಉತ್ಪಾದಿಸಿದ ದೇಶದ ಖಾತೆಗೆ ಹೋಗುತ್ತದೆ.

ಜನರ ಜೀವನಶೈಲಿಯ ಭಾರ ತಿಳಿಯಬೇಕೆಂದರೆ ಬಳಕೆಯ ಲೆಕ್ಕವನ್ನೇ ಆರಿಸಿ. ಆಮದು ವಿದ್ಯುತ್ತು, ಸರಕುಗಳ ಹೊಗೆಯೂ ಅದರಲ್ಲಿ ಸೇರುತ್ತದೆ. ಹೊರಗಿನವರು ಕೊಂಡ ಇಂಧನವನ್ನು ಕಳೆದಿದ್ದಾರೆಯೇ ಎಂದು ಮಾತ್ರ ಕಡ್ಡಾಯವಾಗಿ ನೋಡಿ; ಕಳೆಯದಿದ್ದರೆ ಆ ಅಂಕಿಯನ್ನು ಬಳಸಬೇಡಿ.