ಕೋಟೆ ಹೈಸ್ಕೂಲ್ ಚಪ್ಪರವೋ, ಚೌಡಯ್ಯ ಹಾಲೋ?

ಬೆಂಗಳೂರಲ್ಲಿ ಒಂದು ಸಂಜೆ ಬಿಡುವಿದೆ, ಸಂಗೀತ ಕಚೇರಿ ಕೇಳಬೇಕು ಅನ್ನಿಸಿದೆ. ಎಲ್ಲಿಗೆ ಹೋಗೋದು?

ಯುಗಾದಿ ಕಳೆದ ಮೇಲಾದರೆ ನಾನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನವನ್ನೇ ಹೇಳುತ್ತೇನೆ. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಇದು. ದೊಡ್ಡ ಚಪ್ಪರ, ಸಾಲು ಕುರ್ಚಿ, ಸೆಕೆ ಜಾಸ್ತಿ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ನಡುವೆ ಬೀದಿಯ ಹಾರನ್ ಕೇಳಿಸುತ್ತೆ, ನಿಜ. ಆದರೆ ಪಕ್ಕದ ಅಜ್ಜಿ ತೊಡೆ ಮೇಲೆ ಬೆರಳು ಎಣಿಸುತ್ತಾ ತಾಳ ಹಾಕುತ್ತಿರುತ್ತಾರಲ್ಲ, ಅದನ್ನು ನೋಡಿಯೇ ನಾನು ಎಂಟೆಣಿಕೆಯ ಆದಿತಾಳ ಕಲಿತೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದು ನಡೆದೇ ಹೋಗಬಹುದು.

ಚೌಡಯ್ಯ ಸ್ಮಾರಕ ಭವನದ ಸುಖವೇ ಬೇರೆ. ಕಟ್ಟಡವೇ ಪಿಟೀಲಿನ ಆಕಾರ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ ಕಟ್ಟಿದ್ದು. ಮೆತ್ತನೆಯ ಸೀಟು, ಬಾಗಿಲು ಹಾಕಿದರೆ ಹೊರಗಿನ ಗದ್ದಲವಿಲ್ಲ. ತಂಬೂರಿಯ ಶ್ರುತಿ ಸಣ್ಣಗೆ ಕೇಳಬೇಕು ಅನ್ನುವವರಿಗೆ, ಬೆನ್ನುನೋವಿನ ಹಿರಿಯರಿಗೆ ಇದೇ ಸರಿ. ವರ್ಷವಿಡೀ ನಾಟಕ, ನೃತ್ಯವೂ ಇರುತ್ತೆ. ದಿನಕ್ಕೊಂದು ಬಗೆ, ಹಾಗಾಗಿ ಏನಿದೆ ಅಂತ ಮೊದಲೇ ನೋಡಿಕೊಳ್ಳಿ.

ಹೊಸಬರನ್ನು ಕರೆದುಕೊಂಡು ಹೋಗೋದಾದರೆ ಚಪ್ಪರವೇ ಮೇಲು. ಬೇಜಾರಾದರೆ ಮಧ್ಯೆ ಎದ್ದು ಕಾಲಾಡಿಸಬಹುದು, ಯಾರೂ ತಿರುಗಿ ನೋಡಲ್ಲ.

ಚಿತ್ರಕಲೆ ನೋಡುವ ಆಸೆಯೂ ಇದ್ದರೆ ಹಗಲಲ್ಲೇ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಮುಗಿಸಿ ಬನ್ನಿ. ಅಲ್ಲಿಂದ ಚೌಡಯ್ಯ ಹಾಲ್ ಆಟೋದಲ್ಲಿ ಹತ್ತಿರ.