ಮಾಡ್ಯೂಲ್ ಫೆಡರೇಶನ್: ರಿಯಾಕ್ಟ್ ಹಂಚಿಕೊಳ್ಳಿ, ಲೊಡ್ಯಾಶ್ ಬೇಡ

ಕೋಡ್ ಫೈಲ್‌ಗಳನ್ನು ಒಟ್ಟುಗೂಡಿಸುವ ಟೂಲ್ ವೆಬ್‌ಪ್ಯಾಕ್ 5 ಜೊತೆ 2020ರ ಅಕ್ಟೋಬರ್‌ನಲ್ಲಿ ಬಂದ ಮಾಡ್ಯೂಲ್ ಫೆಡರೇಶನ್ ಅನ್ನು ನಮ್ಮ ಆಫೀಸಿನಲ್ಲಿ ವರ್ಷಗಳಿಂದ ಬಳಸುತ್ತಿದ್ದೇವೆ. ಬೇರೆ ಬೇರೆಯಾಗಿ ಬಿಲ್ಡ್ ಆದ ವೆಬ್ ಆ್ಯಪ್‌ಗಳು ಬ್ರೌಸರ್‌ನಲ್ಲಿ ಒಂದಾಗಿ ಸೇರಿ, ಕೋಡ್ ಹಂಚಿಕೊಳ್ಳುವ ವಿಧಾನ ಇದು. ಹೊರಗಿನ ಚೌಕಟ್ಟಾಗಿ ಒಂದು ಶೆಲ್ ಆ್ಯಪ್. ಅದರೊಳಗೆ ಬೇರೆ ಬೇರೆ ಟೀಮ್‌ಗಳ ಆ್ಯಪ್‌ಗಳು, ಎಲ್ಲವೂ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದವು. ಬಿಲ್ಡ್, ಡಿಪ್ಲಾಯ್ ಎಲ್ಲ ಆಯಾ ಟೀಮಿನದ್ದೇ.

ಪ್ರತಿ ಆ್ಯಪ್ ‘ನನ್ನ ಹತ್ತಿರ ಈ ಲೈಬ್ರರಿಯ ಈ ವರ್ಷನ್ ಇದೆ’ ಎಂದು ತನ್ನ ರಿಮೋಟ್ ಎಂಟ್ರಿ ಫೈಲ್ ಮೂಲಕ ತಿಳಿಸುತ್ತದೆ. ಯಾವುದನ್ನು ಬಳಸಬೇಕು ಅನ್ನೋದು ಬ್ರೌಸರ್‌ನಲ್ಲೇ ತೀರ್ಮಾನವಾಗುತ್ತದೆ. ಹೊಂದುವ ವರ್ಷನ್‌ಗಳಲ್ಲಿ ಹೊಸದು ಲೋಡ್ ಆಗುತ್ತದೆ, ಉಳಿದವನ್ನು ಇಳಿಸಿಕೊಳ್ಳುವುದೇ ಇಲ್ಲ. ಒಂದು ಟೀಮ್ ರಿಲೀಸ್ ಮಾಡಿದರೆ ಬೇರೆಯವರು ಮತ್ತೆ ಬಿಲ್ಡ್ ಮಾಡಬೇಕಿಲ್ಲ. ಈ ಒಂದು ಅನುಕೂಲಕ್ಕೇ ನಾನು ಇದನ್ನು ಬಿಡಲು ತಯಾರಿಲ್ಲ.

ರಿಯಾಕ್ಟ್‌ಗೆ ‘ಸಿಂಗಲ್‌ಟನ್’, ಅಂದರೆ ಪುಟಕ್ಕೆ ಒಂದೇ ಪ್ರತಿ ಎಂಬ ಸೆಟ್ಟಿಂಗ್, ಹಾಕಲೇಬೇಕು. ಒಂದೇ ಪುಟದಲ್ಲಿ ಎರಡು ರಿಯಾಕ್ಟ್ ಬೆರೆತರೆ ಹುಕ್‌ಗಳು (ಸ್ಟೇಟ್ ಮುಂತಾದವನ್ನು ಬಳಸಲು ರಿಯಾಕ್ಟ್ ಕೊಡುವ ಫಂಕ್ಷನ್‌ಗಳು) ಕೈಕೊಡುತ್ತವೆ, ಶೆಲ್ ಕೊಟ್ಟ ಕಾಂಟೆಕ್ಸ್ಟ್ (ಹಂಚಿದ ಡೇಟಾ) ಒಳಗಿನ ಆ್ಯಪ್‌ಗೆ ಕಾಣುವುದಿಲ್ಲ. ಆದರೆ ಸಿಂಗಲ್‌ಟನ್ ಹಾಕಿದ ಮೇಲೆ ವರ್ಷನ್ ಹೊಂದದಿದ್ದರೂ ಕನ್ಸೋಲ್‌ನಲ್ಲಿ ಒಂದು ಎಚ್ಚರಿಕೆ ಬರುತ್ತದೆ, ಅಷ್ಟೇ. ಪುಟ ಓಡುತ್ತಲೇ ಇರುತ್ತದೆ. ಅದನ್ನು ಯಾರು ನೋಡ್ತಾರೆ? ಅದಕ್ಕೇ ಟೆಸ್ಟಿಂಗ್ ಸರ್ವರ್‌ನಲ್ಲಿ ‘ಸ್ಟ್ರಿಕ್ಟ್ ವರ್ಷನ್’ ಕೂಡ ಹಾಕಿ. ಆಗ ಎರರ್ ಬಂದು ಅಲ್ಲೇ ನಿಲ್ಲುತ್ತದೆ, ಗ್ರಾಹಕರವರೆಗೆ ಹೋಗುವುದಿಲ್ಲ.

ಹೊಸದಾಗಿ ಸೇರುವವರಿಗೆಲ್ಲ ‘ಈಗರ್ ಕನ್ಸಂಪ್ಶನ್’ ಎರರ್ ಎದುರಾಗುತ್ತದೆ: ಹಂಚಿಕೊಂಡ ಲೈಬ್ರರಿ ಸಿದ್ಧವಾಗುವ ಮೊದಲೇ ಕೋಡ್ ಅದನ್ನು ಕೇಳಿದೆ ಎಂದರ್ಥ. ಗಾಬರಿ ಬೇಡ. ಆ್ಯಪ್ ಶುರುವಾಗುವ ಕೋಡನ್ನು ಬೂಟ್‌ಸ್ಟ್ರ್ಯಾಪ್ ಅನ್ನೋ ಬೇರೆ ಫೈಲ್‌ಗೆ ಹಾಕಿ, ಅದನ್ನು ಡೈನಾಮಿಕ್ ಇಂಪೋರ್ಟ್ ಮಾಡಿದರೆ, ಅಂದರೆ ಓಡುವಾಗ ತರಿಸಿಕೊಂಡರೆ, ಸಾಕು.

ಇನ್ನು ಲೊಡ್ಯಾಶ್ ಥರದ, ಸಣ್ಣ ಸಹಾಯಕ ಫಂಕ್ಷನ್‌ಗಳ ಲೈಬ್ರರಿಗಳು. ಹಂಚಿಕೊಂಡರೆ ಸೈಜ್ ಕಡಿಮೆ ಆಗುತ್ತೆ ಅನಿಸುತ್ತದೆ, ಅಲ್ವಾ? ಎಷ್ಟೋ ಸಲ ಜಾಸ್ತಿಯಾಗುತ್ತದೆ. ಯಾವ ಆ್ಯಪ್ ಯಾವ ಫಂಕ್ಷನ್ ಕೇಳುತ್ತದೋ ಬಿಲ್ಡ್ ಹೊತ್ತಿಗೆ ಗೊತ್ತಿರುವುದಿಲ್ಲ. ಹಾಗಾಗಿ ಟ್ರೀ ಶೇಕಿಂಗ್ (ಬಳಸದ ಕೋಡ್ ತೆಗೆದುಹಾಕುವುದು) ಸಾಮಾನ್ಯವಾಗಿ ಕೆಲಸ ಮಾಡದೆ ಪೂರ್ತಿ ಲೈಬ್ರರಿ ಬರುತ್ತದೆ. ರಿಯಾಕ್ಟ್, ರೂಟರ್, ಸ್ಟೇಟ್ ಸ್ಟೋರ್: ಒಂದೇ ಇರಬೇಕಾದ ಇಂಥವನ್ನು ಮಾತ್ರ ಹಂಚಿಕೊಳ್ಳಿ.

ಟೈಪ್‌ಸ್ಕ್ರಿಪ್ಟ್ ಬಳಸುವವರಿಗೆ ಮೊದಲು ರಿಮೋಟ್‌ನ (ಒಳಗೆ ಲೋಡ್ ಆಗುವ ಬೇರೆ ಟೀಮ್‌ನ ಆ್ಯಪ್‌ನ) ಟೈಪ್‌ಗಳು ಸಿಗುತ್ತಿರಲಿಲ್ಲ. 2024ರಲ್ಲಿ ಬಂದ ಮಾಡ್ಯೂಲ್ ಫೆಡರೇಶನ್ 2.0 ಅದನ್ನು ಸರಿಮಾಡಿತು. ವೆಬ್‌ಪ್ಯಾಕ್‌ನಂಥದ್ದೇ ಇನ್ನೊಂದು ಟೂಲ್ ಆರ್‌ಎಸ್‌ಪ್ಯಾಕ್ ಜೊತೆಗೂ ಇದು ನಡೆಯುತ್ತದೆ.

ಒಂದು ತೊಂದರೆ ಮಾತ್ರ ಉಳಿದೇ ಇದೆ. ಲೈಬ್ರರಿಗಳ ವರ್ಷನ್ ಗೊತ್ತುಪಡಿಸುವ ಲಾಕ್ ಫೈಲ್ ಬಿಲ್ಡ್‌ವರೆಗೆ ಮಾತ್ರ ಕಾಯುತ್ತದೆ. ಬೇರೆ ಟೀಮ್ ಹೊಸ ವರ್ಷನ್ ಹಾಕಿದರೆ ನಿಮ್ಮ ಆ್ಯಪ್ ಪ್ರೊಡಕ್ಷನ್‌ನಲ್ಲಿ ಆ ವರ್ಷನ್ ಮೇಲೆ ಓಡಬಹುದು. ನಿಮ್ಮ ಟೆಸ್ಟ್‌ಗಳು ಅದನ್ನು ನೋಡಿಯೇ ಇರುವುದಿಲ್ಲ. ಅದಕ್ಕಾಗಿ ಯಾರೇ ರಿಲೀಸ್ ಮಾಡಲಿ, ಇಡೀ ಶೆಲ್‌ನ ಟೆಸ್ಟ್ ಮತ್ತೆ ಓಡಿಸುವ ವ್ಯವಸ್ಥೆ ಬೇಕು. ಅದು ಕಷ್ಟ ಅನಿಸಿದರೆ, ಅಥವಾ ನಿಮ್ಮದು ಒಂದೇ ಟೀಮ್ ಆಗಿದ್ದರೆ, ಮೊನೊರೆಪೊ (ಎಲ್ಲ ಕೋಡ್ ಒಂದೇ ರೆಪೊಸಿಟರಿಯಲ್ಲಿ) ಇಟ್ಟುಕೊಂಡು ಒಂದೇ ಬಿಲ್ಡ್ ಮಾಡಿ.