ನೇತ್ರಾಣಿಯೋ, ಹ್ಯಾವ್ಲಾಕೋ? ನೀರಿನಡಿ ಫೋಟೊ ತೆಗೆಯುವವರಿಗೆ

ರಜೆ ಎರಡೇ ದಿನ ಇದ್ದರೆ ನೇತ್ರಾಣಿ ದ್ವೀಪಕ್ಕೆ ಹೋಗಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಅಂಡಮಾನಿನ ಹ್ಯಾವ್ಲಾಕ್‌ಗೆ (2018ರಿಂದ ಸ್ವರಾಜ್ ದ್ವೀಪ) ವಿಮಾನ, ಆಮೇಲೆ ಫೆರಿ. ಖರ್ಚು ಜಾಸ್ತಿಯೇ. ಆದರೆ ಫೋಟೊವೇ ಮುಖ್ಯ ಅಂದರೆ ನನ್ನ ಓಟು ಅದಕ್ಕೇ. ಅಲ್ಲಿನ ನೀಮೋ ರೀಫ್‌ ಎಂಬ ಹವಳದ ದಿಬ್ಬದಲ್ಲಿ ದಡದಿಂದಲೇ ನೀರಿಗಿಳಿಯಬಹುದು. ಆಳ ಕಡಿಮೆ, ಹಾಗಾಗಿ ಬೆಳಕು ಚೆನ್ನಾಗಿ ಸಿಗುತ್ತದೆ. ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು ಬಣ್ಣ, ಚಿತ್ರವೆಲ್ಲ ನೀಲಿ ಆಗಿಬಿಡುತ್ತದೆ. ಹ್ಯಾವ್ಲಾಕ್‌ನದೇ ಡಿಕ್ಸನ್ಸ್ ಪಿನ್ನಕಲ್ ಆಳದ ಜಾಗ, ತರಬೇತಿ ಪಡೆದವರಿಗೆ ಮಾತ್ರ.

ನೇತ್ರಾಣಿಯ ನೀರು ಕೆಲವು ದಿನ ಮಸುಕಾಗಿರುತ್ತದೆ. ಆಗ ದೂರದ ನೋಟ ಬಿಡಿ. ಮೀನಿನ ಹತ್ತಿರ ನಿಧಾನವಾಗಿ ಹೋಗಿ, ಫ್ಲ್ಯಾಶ್ ಅನ್ನು ಲೆನ್ಸ್‌ನಿಂದ ದೂರ, ಪಕ್ಕಕ್ಕೆ ಇಡಿ. ಇಲ್ಲದಿದ್ದರೆ ನೀರಿನ ಕಣಗಳೇ ಬಿಳಿ ಚುಕ್ಕಿಗಳಾಗಿ ಫೋಟೊ ತುಂಬುತ್ತವೆ.

ಇನ್ನೊಂದು ವಿಷಯ: ಹಲವು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಹ್ಯಾವ್ಲಾಕ್‌ಗೆ ಹೋಗುವವರು ಕೊನೆಯ ದಿನ ಖಾಲಿ ಇಟ್ಟುಕೊಳ್ಳಲೇಬೇಕು. ಮುರ್ಡೇಶ್ವರದಿಂದ ಕರಾವಳಿಯಲ್ಲೇ ರೈಲಿನಲ್ಲಿ ಮರಳುವವರಿಗೆ ಈ ತಲೆನೋವಿಲ್ಲ.

ಮೊದಲ ಡೈವ್ ಆದರೆ ಎಲ್ಲೇ ಹೋದರೂ ಕ್ಯಾಮೆರಾ ದಡದಲ್ಲೇ ಇರಲಿ. ತೇಲಾಟ (ಮುಳುಗದೆ, ಮೇಲೇಳದೆ ಒಂದೇ ಮಟ್ಟದಲ್ಲಿ ನಿಲ್ಲುವುದು) ಹಿಡಿತಕ್ಕೆ ಬರದೆ ಫೋಟೊಗೆ ಹೊರಟರೆ ಕಾಲು ತಗುಲಿ ಹವಳ ಮುರಿಯುತ್ತದೆ.